ಎರಡೂ ಎಡಗಾಲಿನ ಬೂಟುಗಳು

ನಮ್ಮೂರು ಬೆಲ್‌ಬ್ರೂಕಿನಲ್ಲಿ ಕಳ್ಳನ ವಂಶದವರಿಗಿರುವ ಮರ್ಯಾದೆ ಪಾದ್ರಿಯ ವಂಶದವರಿಗಿಲ್ಲ. ನನ್ನ ಅಜ್ಜಿಯ ಕಾಲದಲ್ಲಿ, ಇಂಗ್ಲೆಂಡಿನಿಂದ ಬೇಡಿ ಹಾಕಿಸಿಕೊಂಡು ಹಡಗಿನಲ್ಲಿ ಬಂದ ಹಿರಿಯನ ಹೆಸರೆತ್ತಿದರೆ ಮಕ್ಕಳ ಬಾಯಿಗೆ ಸೋಪು ಹಾಕಿ ತೊಳೆಯುತ್ತಿದ್ದರು. ಈಗ ನಮ್ಮ ಟಾಸ್ಮೇನಿಯಾ ದ್ವೀಪದಲ್ಲಿ ಅಂಥ ಹಿರಿಯನಿಲ್ಲದವರೇ ತಲೆ ತಗ್ಗಿಸಿ ನಡೆಯುತ್ತಾರೆ. ಕಾಲ ಹೀಗೆ ತಿರುಗುತ್ತದೆಂದು ಗೊತ್ತಿದ್ದರೆ ಅಜ್ಜಿ ಅಷ್ಟು ಸೋಪು ದಂಡ ಮಾಡುತ್ತಿರಲಿಲ್ಲ.

ನಮ್ಮ ವಂಶಾವಳಿ ಸಂಘದ ಚಳಿಗಾಲದ ಊಟದಲ್ಲಿ ಒಂದು ಪದ್ಧತಿಯಿದೆ. ಕೈದಿಗಳ ಸಂತತಿ ಉದ್ದನೆಯ ಮೇಜಿಗೆ ಕೂರುತ್ತದೆ. ಸ್ವಂತ ಇಷ್ಟದಿಂದ ಬಂದವರ ಸಂತತಿ ಏಪ್ರನ್ ಕಟ್ಟಿಕೊಂಡು ಬಟಾಣಿ ಸೂಪು ಬಡಿಸುತ್ತದೆ. ಮೇಜಿನ ತುದಿಯ ದೊಡ್ಡ ಕುರ್ಚಿ ಇಪ್ಪತ್ತೆರಡು ವರ್ಷದಿಂದ ನನ್ನದು. ಥೆಲ್ಮಾ ಗಾರ್‌ವುಡ್ ಎಂದರೆ ಆ ಕುರ್ಚಿ, ಆ ಕುರ್ಚಿ ಎಂದರೆ ಥೆಲ್ಮಾ ಗಾರ್‌ವುಡ್. ಏಕೆಂದರೆ ಊರಿನ ಎಲ್ಲ ಕೈದಿ ಹಿರಿಯರಿಗಿಂತ ನನ್ನ ಹಿರಿಯ ಜೋಬ್ ವಯಸ್ಸಿನಲ್ಲಿ ಚಿಕ್ಕವನು.

ಹನ್ನೆರಡು ವರ್ಷದ ಜೋಬ್ ಗಾರ್‌ವುಡ್ 1838ರಲ್ಲಿ ಅಂಗಡಿಯ ಮುಂದೆ ನೇತುಹಾಕಿದ್ದ ಎರಡು ಬೂಟು ಎಗರಿಸಿದ. ಅಂಗಡಿಯವನು ಜಾಣ, ಹೊರಗೆ ಎಡಗಾಲಿನವನ್ನು ಮಾತ್ರ ನೇತುಹಾಕುತ್ತಿದ್ದ. ಎರಡು ಎಡಗಾಲಿನ ಬೂಟಿಗೆ ಏಳು ವರ್ಷ ಗಡಿಪಾರು. ಇಲ್ಲಿನ ಹುಡುಗರ ಜೈಲಿನ ದಾಖಲೆ ನನಗೆ ಬಾಯಿಪಾಠ. ಎತ್ತರ ನಾಲ್ಕಡಿ ಮೂರಂಗುಲ. ಮುಖದ ತುಂಬ ಕಂದು ಚುಕ್ಕೆ. ಟೋಪಿಯೊಳಗೆ ಗೆಡ್ಡೆ ಬಚ್ಚಿಟ್ಟದ್ದಕ್ಕೆ ಒಂದು ದಿನ ಒಂಟಿ ಕೋಣೆ. ಪ್ರಾರ್ಥನೆಯ ವೇಳೆ ನಕ್ಕದ್ದಕ್ಕೆ ಮೂರು ದಿನ, ಬರೀ ಬ್ರೆಡ್ಡು, ನೀರು. ಮತ್ತೆ ನಕ್ಕದ್ದಕ್ಕೆ ಐದು ದಿನ. ಇದನ್ನು ಓದಿದಾಗಲೇ ಇವನು ನಮ್ಮವನೇ ಎಂದು ನನಗೆ ಖಾತ್ರಿಯಾಗಿತ್ತು. ನನ್ನಪ್ಪ ತನ್ನ ಮದುವೆಯಲ್ಲೇ ಪಾದ್ರಿಯ ಮುಂದೆ ನಕ್ಕು ಕೆಮ್ಮಿದಂತೆ ನಟಿಸಿದವನು.

ಈ ವರ್ಷ ಮುಖ್ಯಬೀದಿಯ ಕಾಲುದಾರಿಗೆ ಕೈದಿಗಳ ಹೆಸರು ಕೆತ್ತಿದ ಇಟ್ಟಿಗೆ ಹಾಕುವುದೆಂದು ಸಂಘ ನಿರ್ಧರಿಸಿತು. ಕೈದಿಯ ಸಂತತಿ ಕಾಗದಪತ್ರ ಸಮೇತ ಅರ್ಜಿ ಕೊಡಬೇಕು. ಎಲ್ಲರಿಗಿಂತ ಮೊದಲು ಕೊಟ್ಟವಳು ನಾನು. ಜೋಬನಿಗೊಂದು ಇಟ್ಟಿಗೆ ಬೀಳುವುದನ್ನು ನೋಡಿಯೇ ಸಾಯಬೇಕೆಂದು ಎಪ್ಪತ್ತೊಂದರ ನನಗೆ ಹಟವಿತ್ತು.

ಕಾಗದ ಪರೀಕ್ಷಿಸುವವಳು ನೋಲಾ ಥ್ರೆಲ್‌ಕೆಲ್ಡ್. ಪಾದ್ರಿಯ ಮರಿಮಗಳು, ಪಾಪ. ಅವಳಿಗೊಬ್ಬ ಕೈದಿಯನ್ನು ಹುಡುಕಿಕೊಡಲು ಸಂಘವೆಲ್ಲ ಒದ್ದಾಡಿದೆ, ಒಬ್ಬ ಮೇಕೆ ಕಳ್ಳನೂ ಸಿಕ್ಕಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಅವಳು ಸ್ಕೋನ್ ಬನ್ನುಗಳ ಡಬ್ಬಿ ಹಿಡಿದು ನನ್ನ ಅಡುಗೆಮನೆಗೆ ಬಂದಳು.

"ಥೆಲ್ಮಾ, ಕೂತ್ಕೊ."

"ನನ್ ಮನೇಲಿ ನಂಗೇ ಕೂತ್ಕೊ ಅಂತೀಯಲ್ಲೇ. ಏನಾಯ್ತು?"

"ನಿನ್ ಜೋಬ್ ಸತ್ತೋಗಿದಾನೆ."

"ಇನ್ನೇನು, ಇಷ್ಟು ವರ್ಷ ಗಟ್ಟಿಯಾಗಿ ಕೂತಿರ್ತಾನಾ?"

"ಹದಿನಾಲ್ಕಕ್ಕೇ ಸತ್ತಿದಾನೆ ಕಣೇ. ಜೈಲಲ್ಲೇ. ಜ್ವರ."

ಡಬ್ಬಿಯ ಮುಚ್ಚಳದೊಳಗೆ ಮಡಚಿಟ್ಟ ಹಾಳೆಯನ್ನು ಅವಳು ನನ್ನ ಮುಂದೆ ಬಿಡಿಸಿದಳು. ಶವಸಂಸ್ಕಾರದ ದಾಖಲೆ. ಅದೇ ಹೆಸರು, ಅದೇ ಹಡಗು, ಅದೇ ಕೈದಿ ಸಂಖ್ಯೆ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಹದಿನಾಲ್ಕಕ್ಕೆ ಸತ್ತವನು ನನ್ನ ಮುತ್ತಜ್ಜನನ್ನು ಹುಟ್ಟಿಸುವುದು ಸಾಧ್ಯವಿಲ್ಲ.

"ಯಾರ್‍ಯಾರಿಗೆ ಹೇಳ್ದೆ?" ಎಂದೆ. ನನ್ನ ದನಿ ನನಗೇ ಕಳ್ಳದನಿಯಂತೆ ಕೇಳಿಸಿತು.

"ಯಾರಿಗೂ ಇಲ್ಲ. ಸೌಟು ಹಿಡ್ದು ಹಿಡ್ದು ನನ್ ಭುಜ ಬಿದ್ದೋಗಿದೆ ನಿಜ. ಆದ್ರೆ ನಿನ್ನ ಎಬ್ಬಿಸಿದ್ರೆ ನಂಗೇನೂ ಕುರ್ಚಿ ಸಿಗಲ್ವಲ್ಲ. ಈ ಹಾಳೆ ಡಬ್ಬೀಲೇ ಇರ್ಲಿ ಅಂದ್ರೆ ಇರತ್ತೆ. ನಿನ್ನಿಷ್ಟ."

ಇರಲಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕುರ್ಚಿ, ಇಟ್ಟಿಗೆ ಎರಡೂ ಉಳಿಯುತ್ತಿದ್ದವು.

"ಹಾಗಾದ್ರೆ ನಾನ್ಯಾರ ಮೊಮ್ಮಗಳೇ?" ಎಂದೆ.

"ನಿಮ್ಮನೆ ಬೈಬಲ್‌ನಲ್ಲಿ ಏನಿದೆ?"

ನಮ್ಮ ಮನೆಯ ಬೈಬಲಿನ ಮೊದಲ ಪುಟದಲ್ಲಿ ಮುತ್ತಜ್ಜನ ತಂದೆಯ ಹೆಸರು ಚೆನ್ನಾಗಿಯೇ ಬರೆದಿದೆ: ವಿಲಿಯಂ ಗಾರ್‌ವುಡ್, ಸ್ವಂತ ಇಷ್ಟದಿಂದ ಬಂದವನು. ಆದರೆ ಈ ದ್ವೀಪದಲ್ಲಿ ಆ ಮಾತನ್ನು ನಂಬುವವರು ಯಾರು? ನಾಚಿಕೆಗೆ ಪ್ರತಿ ಮನೆಯಲ್ಲೂ ಹಾಗೇ ಬರೆದಿದ್ದಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರೇ ಎಲ್ಲ. ಜೋಬನೇ ದೊಡ್ಡವನಾಗಿ, ಹೆಸರು ಬದಲಿಸಿ, ವಿಲಿಯಂ ಆದ ಎಂದು ನಾನು ಇಪ್ಪತ್ತೆರಡು ವರ್ಷ ಭಾಷಣ ಬಿಗಿದಿದ್ದೆ. ಪುಸ್ತಕ ನಿಜ ಹೇಳಿರಬಹುದೆಂದು ಒಮ್ಮೆಯೂ ಹೊಳೆಯಲಿಲ್ಲ.

ನೋಲಾಳ ಕಂಪ್ಯೂಟರಿನಲ್ಲಿ ಹಳೆಯ ಪ್ರಯಾಣಿಕರ ಪಟ್ಟಿ ತೆಗೆದೆವು. ವಿಲಿಯಂ ಗಾರ್‌ವುಡ್, ಬೂಟು ಹೊಲಿಯುವವ, 1852, ಜೋಬನ ಊರಿನವನೇ. ಆಮೇಲೆ ಹಳೆಯ ಪತ್ರಿಕೆಗಳಲ್ಲಿ ಗಾರ್‌ವುಡ್ ಎಂದು ಹುಡುಕಿದಾಗ, ಕಾಣೆಯಾದವರ ಅಂಕಣದಲ್ಲಿ ಅದೇ ವರ್ಷದ ಒಂದು ಪುಟ್ಟ ಪ್ರಕಟಣೆ ಸಿಕ್ಕಿತು. ನೋಲಾ ಗಟ್ಟಿಯಾಗಿ ಓದಿದಳು.

"ಹುಡುಗನಾಗಿದ್ದಾಗ ಇಲ್ಲಿಗೆ ಬಂದ ಜೋಬ್ ಗಾರ್‌ವುಡ್‌ಗೆ. ಅಣ್ಣ ವಿಲಿಯಂ ಬೆಲ್‌ಬ್ರೂಕಿನಲ್ಲಿ ಬೂಟಿನ ಅಂಗಡಿ ಇಟ್ಟಿದ್ದಾನೆ. ಬಾ, ಇಲ್ಲವೇ ಬರೆ. ಯಾರಿಗೂ ಕೋಪವಿಲ್ಲ. ಬಲಗಾಲಿನವು ಎರಡೂ ಸಿದ್ಧವಾಗಿವೆ."

ನನಗೆ ನಗು ಉಕ್ಕಿತು, ಅದರ ಹಿಂದೆಯೇ ಅಳು. ವಿಲಿಯಂ ಬಂದಿಳಿಯುವ ಹೊತ್ತಿಗೆ ತಮ್ಮ ಮಣ್ಣಿಗೆ ಹೋಗಿ ಹನ್ನೆರಡು ವರ್ಷವಾಗಿತ್ತು. ಅದೇ ಪ್ರಕಟಣೆ ಮರುವರ್ಷ ಮತ್ತೆ ಬಂದಿತ್ತು. ಅದರ ಮರುವರ್ಷವೂ. ಕೊನೆಯದು 1857ರ ಮಾರ್ಚಿನಲ್ಲಿ. ಏಪ್ರಿಲಿನಲ್ಲಿ ಅವನಿಗೆ ಗಂಡುಮಗು ಹುಟ್ಟಿತು. ಮಗುವಿಗೆ ಜೋಬ್ ಎಂದು ಹೆಸರಿಟ್ಟ, ನನ್ನ ಮುತ್ತಜ್ಜನಿಗೆ. ಹುಡುಕುವುದನ್ನು ಅವನು ಬಿಟ್ಟದ್ದು ಆಗಲೇ.

"ಹಾಳೆ ಏನ್ಮಾಡ್ಲಿ?" ನೋಲಾ ಮೆಲ್ಲಗೆ ಕೇಳಿದಳು.

"ಡಬ್ಬಿಯಿಂದ ಆಚೆ ತೆಗಿ. ನಾನ್ ಬಾಯ್ಮುಚ್ಕೊಂಡಿದ್ರೆ ಜೋಬ್ ಸತ್ತೂ ಇಲ್ಲ, ಅವನಣ್ಣ ಹುಡುಕ್ಕೊಂಡು ಬಂದೂ ಇಲ್ಲ ಅಂತ ಆಗತ್ತೆ. ಆ ಪಾಪ ನಂಗ್ಬೇಡ."

ಸಂಘದ ಊಟದ ದಿನ ನಾನು ಏಪ್ರನ್ ಕಟ್ಟಿ, ಸೂಪಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದೆ. ನಮ್ಮ ಅಧ್ಯಕ್ಷ ಮರ್ವ್ ಡಾಕೆಟ್, ನಿವೃತ್ತ ಅಂಚೆಯವನು, ಕುರಿ ಕಳ್ಳನ ವಂಶ, ಕಣ್ಣು ಪಿಳಿಪಿಳಿ ಬಿಟ್ಟ.

"ಏನ್ ಥೆಲ್ಮಾ, ಕುರ್ಚಿ ಕಾಲು ಮುರೀತಾ?"

"ನನ್ ಕೈದೀನೇ ಮುರಿದೋದ," ಎಂದು ಎಲ್ಲವನ್ನೂ ಹೇಳಿದೆ. ಪ್ರಕಟಣೆಯನ್ನೂ ಓದಿದೆ.

"ಇಟ್ಟಿಗೆ ಮಾತ್ರ ಜೋಬ್‌ಗೆ ಬೇಕೇ ಬೇಕು," ಎಂದೆ.

ಮರ್ವ್ ಗಂಟಲು ಸರಿಮಾಡಿಕೊಂಡ. "ನಂಗೂ ಸಂಕಟ ಆಗತ್ತೆ. ಆದ್ರೆ ನಿಯಮ ನಿಯಮಾನೇ. ಸಂತತಿ ಇದ್ರೆ ಮಾತ್ರ ಇಟ್ಟಿಗೆ."

"ಹದಿನಾಲ್ಕಕ್ಕೆ ಸತ್ತ ಮಗೂಗೆ ಸಂತತಿ ಎಲ್ಲಿಂದ ತರ್ಲಿ ಮರ್ವ್? ಕದ್ದು ತರ್ಲಾ?"

ಮೇಜಿನ ಆ ತುದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ಬಿಡಲಿಲ್ಲ.

"ಬದುಕಿ ಹತ್ತು ಹಡೆದೋರಿಗೆ ನೀವೆಲ್ಲ ಇದೀರಿ. ಜೈಲಲ್ಲೇ ಸತ್ತ ಮಕ್ಕಳಿಗೆ ಯಾರಿದಾರೆ? ಅಣ್ಣ ಐದು ವರ್ಷ ಕೂಗಿದಾನೆ. ಅವನಿಗೊಂದು ಉತ್ತರ ಸಿಗೋಕೆ ನೂರೆಪ್ಪತ್ತು ವರ್ಷ ಬೇಕಾಯ್ತು. ಅದನ್ನೂ ನಿಯಮದ ಪುಸ್ತಕದಲ್ಲಿ ಮಡಚಿಡ್ತೀಯಾ?"

ಮರ್ವ್ ತನ್ನ ಬಟ್ಟಲನ್ನು ನನ್ನತ್ತ ತಳ್ಳಿದ.

"ತಣ್ಣಗಾಯ್ತು, ಬಿಸಿ ಹಾಕು. ಇಟ್ಟಿಗೆ ಮೇಲೆ ನಾಲ್ಕೇ ಸಾಲು ಹಿಡಿಯೋದು. ಬರ್ಕೊಡು."

ನೋಲಾ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ಗೊಳೋ ಎಂದು ಅಳುತ್ತಿದ್ದಳು. ಸೂಪಿಗೆ ಉಪ್ಪು ಸಾಕು ಎಂದು ಅವಳನ್ನು ಒಳಗೆ ದಬ್ಬಿದೆ.

ಆ ಕುರ್ಚಿಯಲ್ಲಿ ಈಗ ಬೇರೆ ಯಾರೋ ಕೂರುತ್ತಾರೆ. ನನ್ನ ಭುಜ ನೋಯಲು ಶುರುವಾಗಿದೆ. ಇಟ್ಟಿಗೆ ಮಾತ್ರ ವಿಲಿಯಮನ ಅಂಗಡಿಯಿದ್ದ ಜಾಗದ ಮುಂದೆಯೇ ಬಿದ್ದಿದೆ. ಪೇಟೆಗೆ ಹೋದಾಗಲೆಲ್ಲ ನಿಂತು ಓದುತ್ತೇನೆ.

ಜೋಬ್ ಗಾರ್‌ವುಡ್, ಹನ್ನೆರಡು ವರ್ಷ.
ಎರಡೂ ಎಡಗಾಲಿನ ಬೂಟು.
ಪ್ರಾರ್ಥನೆಯಲ್ಲಿ ನಕ್ಕವನು.
ನಿನ್ನಣ್ಣ ಬಂದಿದ್ದಾನೆ.