ವಾಲಿದ ಗಂಟೆಗೋಪುರ

ಅದು ೧೯೭೯. ಬಹರೈನಿನ ಟುಬ್ಲಿಯಲ್ಲಿ ಬಡಗಿ ಮುಂಡಪ್ಪ ಫೋಟೊ ನೋಡಿ ಸಾಗುವಾನಿಯಲ್ಲಿ ಇಗರ್ಜಿಯೊಂದರ, ಅಂದರೆ ಚರ್ಚಿನ, ಪುಟ್ಟ ಮಾದರಿಯನ್ನು ಮಾಡಿ ಮುಗಿಸಿದ್ದ. ಪಶ್ಚಿಮ ಕೆನಡಾದ ಬಯಲಿನಲ್ಲಿ ಇಂಜಿನಿಯರ್ ಹಾರ್ವಿಯ ಅಜ್ಜ ಕಟ್ಟಿದ ಇಗರ್ಜಿ ಅದು. ಮರುದಿನ ಊರಿಗೆ ಹೊರಡಲಿದ್ದ ಹಾರ್ವಿ ಆ ಮಾದರಿಯನ್ನು ಮುದಿ ತಂದೆಗೆ ಒಯ್ಯಬೇಕಿತ್ತು.

"ಫೋಟೊದಲ್ಲಿ ಗೋಪುರ ವಾಲಿತ್ತು ಸರ್, ನಾನು ನೆಟ್ಟಗೆ ಮಾಡಿದ್ದೇನೆ."

ಹಾರ್ವಿ ಗೋಪುರವನ್ನು ಬೆರಳಿನಿಂದ ಮುಟ್ಟಿದ. "ಚಳಿಗೆ ಕಲ್ಲಾಗಿದ್ದ ನೆಲದ ಮೇಲೆ ಅಜ್ಜ ಅವಸರದಲ್ಲಿ ಕಟ್ಟಿದ್ದು, ಮುಂಡಪ್ಪ. ಬೇಸಿಗೆಗೆ ನೆಲದೊಳಗಿನ ಹಿಮ ಕರಗಿ ಗೋಪುರ ವಾಲಿತು. ಅಪ್ಪ ಮೊದಲು ಹುಡುಕುವುದು ಅದನ್ನೇ."

ಮುಂಡಪ್ಪನಿಗೆ ತನ್ನೂರು ಮುಲ್ಕಿಯ ಶಾಲೆಗೆ ಅಪ್ಪ ಮಾಡಿದ ಬಾಗಿಲು ನೆನಪಾಯಿತು. ಎತ್ತಿ ಹಿಡಿಯದೆ ಅದು ಮುಚ್ಚುತ್ತಿರಲಿಲ್ಲ. ಇಲ್ಲಿಯೂ ಬಾಗಿಲು ಮುಚ್ಚುವಾಗ ಅವನ ಕೈ ತಾನಾಗಿ ಅದನ್ನು ಮೇಲೆತ್ತುತ್ತಿತ್ತು.

ಅವನು ಮಾದರಿಯಿಂದ ಗೋಪುರವನ್ನು ಕಳಚಿ ಉಳಿ ಕೈಗೆತ್ತಿಕೊಂಡ.

"ಫೋಟೊ ಇನ್ನೊಮ್ಮೆ ಕೊಡಿ ಸರ್. ಎಷ್ಟು ವಾಲಿದೆ ಅಂತ ಸರಿಯಾಗಿ ನೋಡಬೇಕು."