ಬೃಂದಾಳ ತುರುಬು ಬಿಚ್ಚಿದ್ದು

ಒಂದಾನೊಂದು ಕಾಲದಲ್ಲಿ, ಅಂದರೆ ಮೊನ್ನೆ ಮೊನ್ನೆ, ಏಳು ಸುತ್ತಿನ ಕೋಟೆಯ ಊರಿನಲ್ಲಿ ಒಂದು ಆಸ್ಪತ್ರೆಯಿತ್ತು. ಆಸ್ಪತ್ರೆಯೊಳಗೊಂದು ಮನೋರೋಗದ ವಾರ್ಡು. ಆ ವಾರ್ಡಿನಲ್ಲಿ ಬೃಂದಾ ಎಂಬ ನರ್ಸು. ಬಿಚ್ಚಿದರೆ ಮೊಣಕಾಲು ಮುಟ್ಟುವಂಥ ಕೂದಲು ಅವಳದು. ಬಿಚ್ಚುತ್ತಿದ್ದುದು ಮಾತ್ರ ಮನೆಯಲ್ಲೇ. ಹುಚ್ಚಿನ ಗಾಳಿ ಕೂದಲು ಹಿಡಿದೇ ಏರುತ್ತದೆ ಎಂದು ಹಿರಿಯ ನರ್ಸು ಏಕಾಂತಮ್ಮ ಹೇಳಿಕೊಟ್ಟಿದ್ದರು. ಅದಕ್ಕೇ ಅಲ್ಲಿಯ ನರ್ಸುಗಳೆಲ್ಲ ತುರುಬು ಬಿಗಿದು, ಅದಕ್ಕೊಂದು ಬೇವಿನೆಲೆ ಸಿಕ್ಕಿಸಿಕೊಂಡೇ ಡ್ಯೂಟಿಗೆ ಬರುತ್ತಿದ್ದರು. ಪರೀಕ್ಷೆ ಪಾಸಾಗಿ ಬಂದ ಬೃಂದಾಳೂ ಸಿಕ್ಕಿಸಿಕೊಂಡಳು. ಇರಲಿ ಬಿಡು, ಎಲೆಯೇನು ಭಾರವೇ?

ಆ ವಾರ್ಡಿಗೆ ಆದಿವಾಲದಿಂದ ಹೂ ಕಟ್ಟುವ ತಿಪ್ಪಕ್ಕ ಬಂದಳು. ಕಣ್ಣಿಗೆ ಕಾಣದವರ ಜೊತೆ ಜಗಳವಾಡುತ್ತ ಬಂದವಳು, ಮಾತ್ರೆ ಹಿಡಿದ ಮೇಲೆ ನಗಲು ಶುರುಮಾಡಿದಳು.

"ಎಂಥಾ ಕೂದ್ಲವ್ವ ನಿಂದು! ಒಂದ್ಸಲ ಜಡೆ ಹಾಕ್ತೀನಿ, ಕುಂತ್ಕ."

"ನೀನು ಊರಿಗೆ ಹೋಗೋ ದಿನ ಹಾಕೀಯಂತೆ, ಅಜ್ಜಿ," ಎಂದು ಮಾತು ಕೊಟ್ಟು ಬೃಂದಾ ಜಾರಿಕೊಂಡಳು.

ಆ ದಿನ ಬಂದೇ ಬಂತು. ಕರೆದೊಯ್ಯಲು ಸೊಸೆ ಹೇಮಾವತಿ ಮಗಳು ಕಾವ್ಯಳ ಜೊತೆ ಬಂದಳು. ತಿಪ್ಪಕ್ಕ ಮೊಮ್ಮಗಳ ಕೆದರಿದ ತಲೆಯತ್ತ ಕೈಚಾಚಿದಳು. ಹೇಮಾವತಿ ಮಗಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು. ಚಾಚಿದ ಕೈ ಅಲ್ಲೇ ನಿಂತಿತು.

"ಅಂಟೋ ಕಾಯಿಲೆ ಅಲ್ಲ ಕಣಮ್ಮ," ಎಂದಳು ಬೃಂದಾ. "ಮೊದ್ಲಿನಂಗೆ ಮಗೀಗೆ ಜಡೆ ಹಾಕ್ಲಿ ಬಿಡು."

"ಹಂಗಾರೆ ಸಿಸ್ಟರ್, ನಿಮ್ ತುರುಬ್ನಾಗೆ ಬೇವು ಯಾತಕೈತೆ?"

ಏಕಾಂತಮ್ಮ ಮಾತ್ರೆ ಡಬ್ಬಿಯೊಳಗೆ ಮುಖ ಹುದುಗಿಸಿದರು. ಬೃಂದಾಳ ಕಿವಿ ಬಿಸಿಯಾಯಿತು. ಈಗ ಏನು ಹೇಳಿದರೂ ಈ ಅಜ್ಜಿಯ ಕೈ ಆ ಮಗುವಿನ ತಲೆ ಮುಟ್ಟುವುದಿಲ್ಲ. ಅವಳು ಎಲೆ ಕಿತ್ತು ಕಸದ ಡಬ್ಬಿಗೆಸೆದಳು, ಪಿನ್ನುಗಳನ್ನೆಲ್ಲ ತೆಗೆದಳು, ತಿಪ್ಪಕ್ಕನ ಮುಂದೆ ನೆಲದ ಮೇಲೆ ಕೂತೇಬಿಟ್ಟಳು.

"ಹಾಕಜ್ಜಿ."

ಕೂದಲು ನೆಲದುದ್ದ ಹರಡಿತು. ತಿಪ್ಪಕ್ಕ ಬೆರಳಲ್ಲೇ ಬಾಚಿದಳು. "ಏನ್ ಸಿಕ್ಕವ್ವ ಇದು! ಕೂದ್ಲೋ, ತೆಂಗಿನ ನಾರೋ?"

"ಲೇ ಬೃಂದಾ, ಗಾಳಿ ಏರ್ತೈತೇನೇ?" ಏಕಾಂತಮ್ಮ ಅಲ್ಲಿಂದಲೇ ಅಳುಕುತ್ತ ಕೇಳಿದರು.

"ಗಾಳಿ ಇಲ್ಲಕ್ಕ, ನಿದ್ದೆ ಏರ್ತಾ ಐತೆ!"

ವಾರ್ಡಿಗೆ ವಾರ್ಡೇ ನಕ್ಕಿತು. ಕಾವ್ಯ ಅಮ್ಮನ ಕೈ ಬಿಡಿಸಿಕೊಂಡು ಓಡಿಬಂದು ಅಜ್ಜಿಯ ಪಕ್ಕ ಕೂತಳು: "ಆಮೇಲೆ ನಂದು!" ಈ ಸಲ ಹೇಮಾವತಿ ಎಳೆದುಕೊಳ್ಳಲಿಲ್ಲ. ನಿಂತು ನೋಡಿದಳು, ನೋಡಿದಳು. ತನ್ನ ಮುಡಿಯ ಕನಕಾಂಬರವನ್ನೇ ತೆಗೆದು ಚಾಚಿದಳು.

"ತಗಳ್ರಿ ಅತ್ತೆ. ಅರ್ಧ ಇವಳಿಗೂ ಉಳಿಸ್ರಿ."

ತಿಪ್ಪಕ್ಕ ಕೊನೆಯ ಹೆಣಿಗೆ ಹಾಕಿ, ಹೂ ಮುಡಿಸಿ, ಬೃಂದಾಳ ನೆತ್ತಿ ತಟ್ಟಿದಳು.

"ಆತು, ಏಳವ್ವ."