ರೇಡಿಯೋ ಬಾಯಿ ಮುಚ್ಚಿದ ದಿನ

ಸಹೃದಯ ವಾಚಕ ಮಹಾಶಯರೇ, ಮನುಷ್ಯನೊಬ್ಬನು ಮಾತನಾಡದೆ ಇರುವುದನ್ನು ನೋಡಲು ಜನರು ಹಣ ತೆರುತ್ತಾರೆಂದರೆ ತಾವು ನಂಬಲಾರಿರಿ. ನಾನೂ ನಂಬಿರಲಿಲ್ಲ. ಆದರೆ ಆ ವಿಚಿತ್ರ ಸ್ಪರ್ಧೆಗೆ ತೀರ್ಪುಗಾರನಾಗಿ ಕುಳಿತವನು ನಾನೇ ಆದುದರಿಂದ, ನಡೆದುದನ್ನು ಯಥಾವತ್ತಾಗಿ ನಿವೇದಿಸಿಕೊಳ್ಳುತ್ತೇನೆ.

ನಾನು ಕೆಲಕಾಲ ತಂಗಿದ್ದ ಕೋಣೆಯ ಕೆಳಗೆ ಒಂದು ಕ್ಷೌರದ ಅಂಗಡಿಯಿತ್ತು. ಅದರ ಮಾಲೀಕನನ್ನು ಬೀದಿಯವರೆಲ್ಲ ರೇಡಿಯೋ ಎಂದೇ ಕರೆಯುತ್ತಿದ್ದರು. ಕತ್ತರಿ ನಿಂತರೂ ಅವನ ನಾಲಿಗೆ ನಿಲ್ಲುತ್ತಿರಲಿಲ್ಲ. ಅವನ ಗೆಳೆಯನಾದ ಬಡಗಿಯ ಬಲಗೈ ಗರಗಸದ ಯಂತ್ರಕ್ಕೆ ಸಿಕ್ಕಿ, ಬೆರಳುಗಳು ಮಡಚದಂತಾಗಿದ್ದವು. ಬೇಗನೆ ಇನ್ನೊಂದು ಶಸ್ತ್ರಚಿಕಿತ್ಸೆಯಾಗದಿದ್ದರೆ ಆ ಕೈ ಮತ್ತೆ ಉಳಿ ಹಿಡಿಯಲಾರದೆಂದು ವೈದ್ಯರು ಹೇಳಿದ್ದರು. ಸಹಾಯಾರ್ಥವಾಗಿ ಸಂಗೀತ ಸಂಜೆಯೊಂದನ್ನು ಏರ್ಪಡಿಸೋಣವೆಂದು ಗೆಳೆಯರು ಕೂಡಿದಾಗ, ಪಕ್ಕದ ಬೇಕರಿಯಾಕೆ ಪಕಪಕನೆ ನಕ್ಕಳು.

“ಹಾಡು ಯಾರಿಗೆ ಬೇಕು? ಈ ರೇಡಿಯೋ ಒಂದು ದಿನ ಬಾಯಿ ಮುಚ್ಕೊಂಡಿರ್ತಾನೆ ಅಂದ್ರೆ ಊರೇ ದುಡ್ಡು ಕೊಡುತ್ತೆ!”

ಹಾಗೆಯೇ ನಿಶ್ಚಯವಾಯಿತು. ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಗಿರಣಿಯ ಸಂಜೆಯ ಸೈರನ್ ಕೂಗುವವರೆಗೆ ಅವನು ಒಂದು ಮಾತನ್ನೂ ಆಡಕೂಡದು. ನೋಡಬಂದವರು ಡಬ್ಬಿಗೆ ಹಾಕುವ ಹಣ ಬಡಗಿಯ ಚಿಕಿತ್ಸೆಗೆ; ಆಡಿದರೆ ಅದನ್ನೆಲ್ಲ ಹಾಕಿದವರಿಗೇ ಮರಳಿಸತಕ್ಕದ್ದು. ಯಾರ ಕಡೆಯವನೂ ಅಲ್ಲ, ಸ್ಪರ್ಧೆಯ ಸಂಜೆಯೇ ಬಸ್ಸು ಹತ್ತಿ ಊರು ಬಿಡುವವನು ಎಂಬ ಕಾರಣಕ್ಕೆ ನನ್ನನ್ನು ತೀರ್ಪಿಗೆ ಕೂರಿಸಿದರು.

ಅಂದು ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೌನದಲ್ಲಿ ಆ ಮುಖ ಹೇಗಿರುವುದೆಂದು ಯಾರೂ ಕಂಡವರಲ್ಲ. ಕೆಳತುಟಿ ತುಸು ಜೋಲುತ್ತದೆಂಬುದು ಎಲ್ಲರಿಗೂ ಹೊಸ ಸಂಗತಿ. ಕುರ್ಚಿಯಲ್ಲಿ ಕುಳಿತ ಒಬ್ಬ ಮುದುಕನು ಬೇಕೆಂದೇ ಅವನ ನೆಚ್ಚಿನ ಕ್ರಿಕೆಟ್ ತಂಡವನ್ನು ಹೀಯಾಳಿಸಿದಾಗ ರೇಡಿಯೋನ ಕತ್ತಿನ ನರ ಉಬ್ಬಿತು.

“ಮೀಸೆ ಜೋಪಾನ ಮಾವ,” ಎಂದಳು ಬೇಕರಿಯಾಕೆ. “ಬಾಯಿಗೆ ಬರದ ಕೋಪ ಕತ್ತರಿಗೆ ಬಂದೀತು!”

ಇಳಿಹೊತ್ತಿನಲ್ಲಿ ನರೆಗೂದಲಿನ ಒಬ್ಬನು ಒಳಬಂದೊಡನೆ ನಗು ನಿಂತಿತು. “ಇವನ ಅಣ್ಣ,” ಎಂದು ಬೇಕರಿಯಾಕೆ ನನ್ನ ಕಿವಿಯಲ್ಲಿ ಉಸುರಿದಳು. “ಅಪ್ಪ ಹೋದ ಮೇಲೆ ಇಬ್ಬರಿಗೂ ಆಗಿಬರಲ್ಲ.”

ಅವನು ನೇರವಾಗಿ ಹೋಗಿ ಕುರ್ಚಿಯಲ್ಲಿ ಕುಳಿತನು. “ಗಡ್ಡ ಮಾಡು. ನೀನು ಅಡ್ಡಬಾಯಿ ಹಾಕದ ದಿನ ಇದೊಂದೇ ಸಿಕ್ತು, ಅದಕ್ಕೇ ಬಂದೆ. ಫೋನ್ ಮಾಡಿದ್ರೆ ನಾನು ಹಲೋ ಅನ್ನೋದ್ರೊಳಗೆ ಬೈದು ಮುಗಿಸಿರ್ತೀಯ. ಅಪ್ಪನ್ನ ನೋಡೋಕೂ ಬರ್ಲಿಲ್ಲ ಅಂತ ಊರಿಗೆಲ್ಲ ಸಾರಿದೆ. ಬಂದಿದ್ದೆ ಕಣೋ. ಆಸ್ಪತ್ರೆ ಮೆಟ್ಟಿಲ ತನಕ ಬಂದಿದ್ದೆ. ಹತ್ತೋಕೆ ಧೈರ್ಯ ಬರ್ಲಿಲ್ಲ, ವಾಪಸ್ ಬಸ್ಸಿಗೆ ಹೋದೆ. ಹೇಡಿ ಅನ್ನು, ಒಪ್ಕೋತೀನಿ. ಬರ್ಲಿಲ್ಲ ಅಂತ ಮಾತ್ರ ಅನ್ಬೇಡ.”

ಗಲ್ಲದ ನೊರೆಯ ಮೇಲೆ ಕತ್ತಿ ನಿಂತುಬಿಟ್ಟಿತು. ರೇಡಿಯೋನ ತುಟಿಗಳು ತೆರೆದುಕೊಂಡವು. ಅವನು ಏನೆಂದಾನು ಎಂಬ ಕುತೂಹಲದಲ್ಲಿ ನಾನು ನನ್ನ ತೀರ್ಪುಗಾರಿಕೆಯನ್ನೇ ಮರೆತು ಮುಂದೆ ಬಾಗಿದೆನು.

ಬೆಂಚಿನಿಂದ ಬಡಗಿ ಕೂಗಿದನು: “ಮಾತಾಡೋ! ನನ್ನ ಕೈ ಹಾಳಾಗಿ ಹೋಗ್ಲಿ!”

ರೇಡಿಯೋ ಆ ಬ್ಯಾಂಡೇಜಿನ ಕೈಯನ್ನೊಮ್ಮೆ ನೋಡಿದನು. ತುಟಿ ಬಿಗಿದು ಇಲ್ಲವೆಂದು ತಲೆಯಾಡಿಸಿದನು. ಗಡ್ಡ ಮುಗಿಯಿತು. ಅಣ್ಣ ಏಳಹೋದನು, ತಮ್ಮ ಅವನ ಭುಜವನ್ನೊತ್ತಿ ಕೂರಿಸಿ, ನುಣುಪಾದ ಗಲ್ಲಕ್ಕೇ ಮತ್ತೊಮ್ಮೆ ನೊರೆ ಹಚ್ಚಿದನು. ಅದೂ ಮುಗಿದಾಗ ತಲೆಗೆ ನೀರು ಚಿಮುಕಿಸಿ ಬಾಚಣಿಗೆ ಹಿಡಿದನು.

“ನಮ್ಮ ಪಾಳಿ ಯಾವಾಗಪ್ಪಾ?” ಎಂದು ಯಾರೋ ಗೊಣಗಿದರು. “ನಾಳೆ ಬಾ,” ಎಂದು ಬಡಗಿ ಗದರಿಸಿದನು.

ಕಡೆಗೂ ಸೈರನ್ ಕೂಗಿತು. ದಿನವಿಡೀ ಕಟ್ಟಿಟ್ಟ ಮಾತು ಈಗ ಕಟ್ಟೆಯೊಡೆಯುವುದೆಂದು ನಾವೆಲ್ಲ ಕಾದೆವು. ರೇಡಿಯೋ ಗಂಟಲು ಸರಿಮಾಡಿಕೊಂಡನು.

“ಯಾವ ಮೆಟ್ಟಿಲು? ಮುಂದುಗಡೆದಾ, ಹಿಂದುಗಡೆದಾ?”

“ಹಿಂದುಗಡೆದು.”

“ನಾನು ಮುಂದುಗಡೆ ನಿನ್ನ ದಾರಿ ಕಾಯ್ತಾ ನಿಂತಿದ್ದೆ ಕಣಣ್ಣಾ.”

ಆಮೇಲೆ ಇಬ್ಬರೂ ಒಟ್ಟಿಗೇ ಮಾತನಾಡತೊಡಗಿದರು. ರೇಡಿಯೋ ಪಂದ್ಯ ಗೆದ್ದನೆಂದು ನಾನು ಎದ್ದುನಿಂತು ಘೋಷಿಸಿದ್ದು ಯಾರಿಗೂ ಕೇಳಿಸಲಿಲ್ಲ. ಬೇಕರಿಯಾಕೆ ಮಾತ್ರ ಡಬ್ಬಿಯನ್ನೆತ್ತಿ ಬಡಗಿಯ ತೊಡೆಯ ಮೇಲಿಟ್ಟು, ಸೆರಗಿನಿಂದ ಮೂಗೊರೆಸಿಕೊಂಡಳು.

ನಾನು ಮೇಲೆ ಹೋಗಿ ಎರಡು ಅಂಗಿಗಳನ್ನೂ ಚಾದರವನ್ನೂ ಚೀಲಕ್ಕೆ ತುರುಕಿದೆನು. ನೆಲದ ಹಲಗೆಗಳ ಸಂದಿನಿಂದ ಎರಡು ದನಿಗಳು ಏರುತ್ತ ಇಳಿಯುತ್ತ ಬರುತ್ತಿದ್ದವು; ಜಗಳವೋ ನಗುವೋ ತಿಳಿಯಲಿಲ್ಲ. ಅಂಗಡಿಯೊಳಗೆ ಹೋಗಿ ನೋಡಿಬರುವ ಆಸೆ ಬಲವಾಗಿತ್ತು. ಆದರೆ ಬಸ್ಸಿಗೆ ಹೊತ್ತಾಗಿತ್ತು. ಕೋಣೆಯ ಬೀಗದ ಕೈಯನ್ನು ಬೇಕರಿಯಾಕೆಗೆ ಒಪ್ಪಿಸಿ, ಚೀಲವನ್ನು ಹೆಗಲಿಗೇರಿಸಿ ಹೊರಟೆನು.